ಶಾಮೀರ್‌ಪೇಟೆಯಿಂದ ಶರಣಸಿರಸಗಿಯವರೆಗೆ

ವಿಭಾಗ ಯಾವ ವರ್ಷ ಶುರುವಾಯಿತು, ಮೊದಲ ಮುಖ್ಯಸ್ಥರು ಯಾರು, ಕಟ್ಟಡದ ಅಡಿಗಲ್ಲು ಇಟ್ಟವರು ಯಾರು ಎಂದು ಬರೆದುಬಿಟ್ಟರೆ ಸ್ಮರಣ ಸಂಚಿಕೆಯ ಲೇಖನ ಬಹುಮಟ್ಟಿಗೆ ಮುಗಿಯುತ್ತದೆ. ನನಗೆ ಸಿಕ್ಕ ವಿಷಯಕ್ಕೆ ಆ ಸೌಕರ್ಯ ಇಲ್ಲ. ಮಾನವಶಾಸ್ತ್ರ, ಸಂಸ್ಕೃತಿ, ಸಾರ್ವಜನಿಕ ಆರೋಗ್ಯ ಈ ಮೂರೂ ಕಲಬುರಗಿಯ ಸುತ್ತ ಇವೆ. ಒಂದೇ ಸೂರಿನ ಕೆಳಗೆ ಇಲ್ಲ. ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಜಾನಪದ ಮತ್ತು ಬುಡಕಟ್ಟು ಅಧ್ಯಯನ. ಊರಿನ ಪೂರ್ವಕ್ಕೆ, ಜ್ಞಾನಗಂಗಾ ಆವರಣದಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ, ಸಮಾಜಕಾರ್ಯ. ಊರೊಳಗಿನ ವೈದ್ಯಕೀಯ ಕಾಲೇಜುಗಳಲ್ಲಿ ಕಮ್ಯುನಿಟಿ ಮೆಡಿಸಿನ್. ಮೂರೂ ಕಡೆಯ ಹುಡುಗರು ಪ್ರಶ್ನಾವಳಿ ಹಿಡಿದು ಹೋಗುವುದು ಮಾತ್ರ ಒಂದೇ ಬಗೆಯ ಊರುಗಳಿಗೆ: ಶರಣಸಿರಸಗಿಯಂಥ ನಗರದ ಸೆರಗಿನ ಹಳ್ಳಿಗೆ, ಕಮಲಾಪುರದಂಥ ತಾಲೂಕು ಊರಿಗೆ. ಒಬ್ಬರು ಹೋದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಇದು ಒಂದು ವಿಭಾಗದ ಚರಿತ್ರೆಗಿಂತ ಹೆಚ್ಚಾಗಿ, ಒಂದು ಕಾಲಕ್ಕೆ ಕೂಡಿದ್ದ ವಿದ್ಯೆಗಳು ಹೇಗೆ ಬೇರೆ ಬಿದ್ದವು ಎಂಬುದರ ಚರಿತ್ರೆ.

ಕೂಡಿದ್ದದ್ದು ಹೈದರಾಬಾದಿನಲ್ಲಿ. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಮ್ಮ ಅಜ್ಜಂದಿರಿಗೆ ವಿಶ್ವವಿದ್ಯಾಲಯ ಎಂದರೆ ಉಸ್ಮಾನಿಯಾ. 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲಿ ಕಲಿಸಿದ ಸಾಹಸಿ. ಕನ್ನಡ, ಮರಾಠಿ, ತೆಲುಗು ಜಿಲ್ಲೆಗಳ ಹುಡುಗರು ಅಲ್ಲಿ ಒಂದೇ ಬೆಂಚಿನ ಮೇಲೆ ಕೂತರು. ಅಲ್ಲಿ ಮಾನವಶಾಸ್ತ್ರಕ್ಕೆ ಬಲ ಬಂದದ್ದು ಒಂದು ರಾಜಕೀಯ ಆಕಸ್ಮಿಕದಿಂದ. ವಿಯೆನ್ನಾದ ಕ್ರಿಸ್ಟಾಫ್ ವಾನ್ ಫ್ಯೂರರ್-ಹೈಮೆನ್‌ಡಾರ್ಫ್ 1939ರಲ್ಲಿ ಭಾರತಕ್ಕೆ ಬಂದ ಹೊತ್ತಿಗೆ ಎರಡನೆಯ ಮಹಾಯುದ್ಧ ಶುರುವಾಯಿತು. ಕೈಯಲ್ಲಿದ್ದದ್ದು ಜರ್ಮನ್ ಪಾಸ್‌ಪೋರ್ಟ್. ಬ್ರಿಟಿಷರು ಅವರನ್ನು ನಿಜಾಮನ ಸೀಮೆ ದಾಟದಂತೆ ಮಾಡಿದರು. ಅವರು ಆ ನಿರ್ಬಂಧವನ್ನೇ ಕ್ಷೇತ್ರಕಾರ್ಯವಾಗಿ ಮಾಡಿಕೊಂಡು ಚೆಂಚು, ಕೊಂಡರೆಡ್ಡಿ, ರಾಜಗೊಂಡರ ನಡುವೆ ವರ್ಷಗಟ್ಟಲೆ ಓಡಾಡಿದರು. ಆಮೇಲೆ ನಿಜಾಮ ಸರಕಾರದ ಬುಡಕಟ್ಟು ಮತ್ತು ಹಿಂದುಳಿದ ವರ್ಗಗಳ ಸಲಹೆಗಾರರಾದರು, ಉಸ್ಮಾನಿಯಾದಲ್ಲಿ ಪಾಠವನ್ನೂ ಹೇಳಿದರು. ಅವರ ಗಮನವೆಲ್ಲ ತೆಲಂಗಾಣದ ಕಾಡಿನ ಕಡೆಗೇ ಇತ್ತು. ನಮ್ಮ ಬಯಲು, ನಮ್ಮ ತೊಗರಿ ಹೊಲ ಅವರ ಕಣ್ಣಿಗೆ ಬೀಳಲಿಲ್ಲ ಎಂಬುದು ನನಗೆ ಇಂದಿಗೂ ಸಣ್ಣ ಬೇಸರದ ಸಂಗತಿ.

ನಿಜವಾದ ತಿರುವು ಶ್ಯಾಮಾಚರಣ ದುಬೆಯವರದು. 1951-52ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಒಂದು ತಂಡ ಹೈದರಾಬಾದಿಗೆ ಹತ್ತಿರದ ಶಾಮೀರ್‌ಪೇಟೆಗೆ ಹೋಯಿತು. ಅದರಲ್ಲಿ ಸಮಾಜ ವಿಜ್ಞಾನದವರ ಜತೆ ವೈದ್ಯಕೀಯ, ಕೃಷಿ, ಪಶುವೈದ್ಯ ವಿಭಾಗಗಳವರೂ ಇದ್ದರು. ಊರಿಗೆ ಸೇವೆ ಮಾಡುತ್ತಲೇ ಊರನ್ನು ಓದುವುದು ಯೋಜನೆ. ಅದರ ಫಲ 1955ರಲ್ಲಿ ಬಂದ ದುಬೆಯವರ ‘ಇಂಡಿಯನ್ ವಿಲೇಜ್’. ಭಾರತದ ಗ್ರಾಮಾಧ್ಯಯನದ ಮೊದಲ ಸಾಲಿನಲ್ಲಿ ಅದನ್ನು ಎಲ್ಲರೂ ಹೆಸರಿಸುತ್ತಾರೆ. ಅದು ಬೆಳೆದದ್ದು ವೈದ್ಯ ವಿದ್ಯಾರ್ಥಿಯೂ ದನದ ಡಾಕ್ಟರೂ ಸಮಾಜಶಾಸ್ತ್ರಿಯೂ ಒಂದೇ ಊರಿನಲ್ಲಿ ಕೆಲಸ ಮಾಡಿದ ಯೋಜನೆಯಿಂದ ಎಂಬುದನ್ನು ನೆನೆಯುವವರು ಕಡಿಮೆ. ನಮ್ಮ ವಿಷಯಕ್ಕೆ ಅದೇ ಮುಖ್ಯ.

ಅದೇ 1955ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಬೆಂಜಮಿನ್ ಪಾಲ್ ಸಂಪಾದಿಸಿದ ‘ಹೆಲ್ತ್, ಕಲ್ಚರ್ ಅಂಡ್ ಕಮ್ಯುನಿಟಿ’ ಪ್ರಕಟವಾಯಿತು. ಆರೋಗ್ಯ ಯೋಜನೆಗಳನ್ನು ಊರುಗಳು ಹೇಗೆ ಬರಮಾಡಿಕೊಂಡವು, ಹೇಗೆ ಹೊರಗಟ್ಟಿದವು ಎಂಬ ಕಥೆಗಳ ಸಂಪುಟ ಅದು. ಉತ್ತರ ಭಾರತದ ಹಳ್ಳಿಯೊಂದರ ಬಗ್ಗೆ ಮೆಕಿಮ್ ಮ್ಯಾರಿಯಟ್ ಬರೆದ ಅಧ್ಯಾಯವೂ ಅದರಲ್ಲಿದೆ: ಔಷಧ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಮುಂಚೆ, ಕೊಡುವವನು ನಮ್ಮವನೋ ಹೊರಗಿನವನೋ ಎಂದು ಹಳ್ಳಿ ನೋಡುತ್ತದೆ. ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಸಾರ್ವಜನಿಕ ಆರೋಗ್ಯದ ಪಠ್ಯದೊಳಗೆ ಮಾನವಶಾಸ್ತ್ರ ಕಾಲಿಟ್ಟ ಹೊತ್ತು ಅದು. ನಮ್ಮ ಹತ್ತಿರದ ವಿಶ್ವವಿದ್ಯಾಲಯ ಹಿಂದೆ ಬಿದ್ದಿರಲಿಲ್ಲ. ನಾವು ಆ ವಿಶ್ವವಿದ್ಯಾಲಯದಿಂದ ಮರುವರ್ಷವೇ ಹೊರಬಂದೆವು, ಅಷ್ಟೆ.

ಏಕೀಕರಣದ ಲೆಕ್ಕದಲ್ಲಿ ಇದನ್ನು ನಷ್ಟ ಎಂದು ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ. ಕನ್ನಡದ ಮನೆಗೆ ಬಂದೆವು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದೆವು. ಧಾರವಾಡದಲ್ಲಿ ಮಾನವಶಾಸ್ತ್ರಕ್ಕೆ ತನ್ನದೇ ವಿಭಾಗ ಇತ್ತು. ಕೆ. ಜಿ. ಗುರುಮೂರ್ತಿಯವರ ‘ಕಲ್ಲಾಪುರ’ದಂಥ ಗ್ರಾಮಾಧ್ಯಯನ, ಕೂಡ್ಲಿಗಿ ಸೀಮೆಯ ಎಚ್. ಎಂ. ಮರುಳಸಿದ್ಧಯ್ಯನವರ ‘ಓಲ್ಡ್ ಪೀಪಲ್ ಆಫ್ ಮಾಕುಂತಿ’ ಅಲ್ಲಿಂದ ಬಂದವು. ಮುದುಕರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು 1969ರಷ್ಟು ಹಿಂದೆಯೇ ಪುಸ್ತಕ ಮಾಡಿದವರು ಮರುಳಸಿದ್ಧಯ್ಯ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಸಮಾಜಕಾರ್ಯದ ಪ್ರಾಧ್ಯಾಪಕರಾಗಿ ‘ನಿರ್ಮಲ ಕರ್ನಾಟಕ’ದ ಕಲ್ಪನೆ ಕೊಟ್ಟವರೂ ಅವರೇ. ಶೌಚಾಲಯ, ಚರಂಡಿ, ಒಲೆಯ ಹೊಗೆ ಇವನ್ನು ಸಮಾಜ ವಿಜ್ಞಾನದ ವಿಷಯವಾಗಿ ಕಂಡ ಕನ್ನಡದ ವಿದ್ವಾಂಸರು ಬೆರಳೆಣಿಕೆಯಷ್ಟು. ಆದರೆ ಕಲಬುರಗಿಗೂ ಧಾರವಾಡಕ್ಕೂ ಇದ್ದ ದೂರ ರೈಲು ಬದಲಿಸುವ ದೂರ. 1970ರಲ್ಲಿ ಇಲ್ಲಿ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಬರುವಾಗ ಸಮಾಜಶಾಸ್ತ್ರ ಬಂತು, ಮಾನವಶಾಸ್ತ್ರ ಧಾರವಾಡದಲ್ಲೇ ಉಳಿಯಿತು.

ವೈದ್ಯಕೀಯ ಬೇರೆ ದಾರಿಯಲ್ಲಿ ಬಂತು. ಮಹಾದೇವಪ್ಪ ರಾಂಪೂರೆಯವರು 1958ರಲ್ಲಿ ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1963ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಇಂದು ಎಂ.ಆರ್.ಎಂ.ಸಿ. ಎಂದು ಕರೆಯುವ ಅದು ಮೊದಲು ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 1980ರ ನಂತರ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅಂದರೆ ಹದಿನೈದು ವರ್ಷದಷ್ಟು ಕಾಲ ನಮ್ಮದೇ ವಿಶ್ವವಿದ್ಯಾಲಯದ ಒಂದು ಹೆಗಲ ಮೇಲೆ ಸಮಾಜಶಾಸ್ತ್ರ, ಇನ್ನೊಂದರ ಮೇಲೆ ವೈದ್ಯಶಾಸ್ತ್ರ ಕೂತಿತ್ತು. ಶಾಮೀರ್‌ಪೇಟೆಯ ಪ್ರಯೋಗ ಇಲ್ಲಿ ಮರುಹುಟ್ಟು ಪಡೆಯಬಹುದಾಗಿದ್ದ ಅವಧಿ ಇದ್ದರೆ ಅದು 1980ರಿಂದ 1996. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಶುರುವಾಯಿತು. ರಾಜ್ಯದ ವೈದ್ಯಕೀಯ, ನರ್ಸಿಂಗ್, ಆಯುರ್ವೇದ ಕಾಲೇಜುಗಳಲ್ಲಿ ಬಹುಪಾಲು ಅದರ ಅಡಿಗೆ ಹೋದವು. ಪರೀಕ್ಷೆ ಸರಿಯಾದ ವೇಳೆಗೆ ನಡೆಯಲು, ಪಠ್ಯ ಏಕರೂಪವಾಗಲು ಅದು ಬೇಕಿತ್ತು ಎನ್ನುವವರ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂದಿನಿಂದ ಒಬ್ಬ ವೈದ್ಯ ಅಧ್ಯಾಪಕ, ಒಬ್ಬ ಸಮಾಜಶಾಸ್ತ್ರದ ಅಧ್ಯಾಪಕ ಒಂದೇ ಅಕಾಡೆಮಿಕ್ ಕೌನ್ಸಿಲ್ಲಿನಲ್ಲಿ ಎದುರುಬದುರು ಕೂರುವ ಸಂದರ್ಭವೇ ಹೋಯಿತು. ಈ ಲೇಖನದಲ್ಲಿ ಒಂದೇ ಒಂದು ಇಸವಿಯನ್ನು ಓದುಗರು ನೆನಪಿಡಬೇಕೆಂದರೆ ಅದು 1996.

ಇಷ್ಟರಲ್ಲಿ ಹೊರಗಿನಿಂದ ಬಂದ ಒಬ್ಬರು ನಾವು ಮಾಡಬೇಕಿದ್ದ ಕೆಲಸವನ್ನು ಮಾಡಿ ಹೋಗಿದ್ದರು. ಅಮೆರಿಕದ ಅಲನ್ ಬೀಲ್ಸ್ 1958ರಿಂದ 1960ರವರೆಗೆ ಆಗಿನ ಗುಲಬರ್ಗಾ ಜಿಲ್ಲೆಯ ಯಾದಗಿರಿ ಸೀಮೆಯ ಹಳ್ಳಿಯಲ್ಲಿ ಇದ್ದರು. 1962ರಲ್ಲಿ ಬಂದ ‘ಗೋಪಾಲಪುರ್: ಎ ಸೌತ್ ಇಂಡಿಯನ್ ವಿಲೇಜ್’ ಅಮೆರಿಕದ ಕಾಲೇಜುಗಳ ಮಾನವಶಾಸ್ತ್ರದ ತರಗತಿಗಳಿಗೆಂದೇ ತಂದ ಮಾಲೆಯ ಪುಸ್ತಕ. ಕಲಬುರಗಿ ಸೀಮೆಯ ಜಾತ್ರೆ, ಗೌಡಕಿ, ನೆಂಟಸ್ತಿಕೆ, ಜಗಳ ಇವೆಲ್ಲ ಕ್ಯಾಲಿಫೋರ್ನಿಯಾದ ಹುಡುಗರಿಗೆ ಪರೀಕ್ಷೆಯ ಪ್ರಶ್ನೆಗಳಾಗುವ ಕಾಲಕ್ಕೆ ಕಲಬುರಗಿಯ ಹುಡುಗರು ಅಂಥದೇ ಹಳ್ಳಿಗಳಿಂದ ಬಂದು ಪಾಶ್ಚಾತ್ಯ ಸಮಾಜದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯದು.

ಬೀಲ್ಸರ ಇನ್ನೊಂದು ಬರಹ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 1976ರಲ್ಲಿ ಚಾರ್ಲ್ಸ್ ಲೆಸ್ಲಿ ಸಂಪಾದಿಸಿದ ‘ಏಷ್ಯನ್ ಮೆಡಿಕಲ್ ಸಿಸ್ಟಮ್ಸ್’ ಗ್ರಂಥದಲ್ಲಿ, ದಕ್ಷಿಣ ಭಾರತದ ಹಳ್ಳಿಯವರು ಕಾಯಿಲೆ ಬಿದ್ದಾಗ ಯಾರ ಹತ್ತಿರ ಹೋಗುತ್ತಾರೆ, ಏಕೆ ಹೋಗುತ್ತಾರೆ ಎಂದು ಅವರು ಬರೆದರು. ಆ ಪ್ರಶ್ನೆ ಕಲಬುರಗಿಯ ಯಾವುದೇ ಮನೆಯಲ್ಲಿ ಇವತ್ತೂ ಕೇಳಬಹುದಾದದ್ದು. ಕೂಸಿಗೆ ಜ್ವರ ಬಂತೆಂದರೆ ಮೊದಲು ಅಜ್ಜಿ ಕೈಯಾಡಿಸುತ್ತಾಳೆ. ದೃಷ್ಟಿ ತೆಗೆಯುವುದು, ತಾಯತ, ದರ್ಗಾದ ನೀರು ಅಥವಾ ಗುಡಿಯ ಅಂಗಾರ. ಅದಾದ ಮೇಲೆ ಊರ ಆರ್.ಎಂ.ಪಿ. ಡಾಕ್ಟರು: ಒಂದು ಸೂಜಿ, ಎರಡು ಗುಳಿಗಿ. ಆಮೇಲೆ ಸರಕಾರಿ ದವಾಖಾನಿ. ಅಲ್ಲಿಂದ ಸೂಪರ್ ಮಾರ್ಕೆಟಿನ ಸುತ್ತಲಿನ ಖಾಸಗಿ ನರ್ಸಿಂಗ್ ಹೋಮ್. ಕಡೆಗೆ ಸೊಲ್ಲಾಪುರ ಅಥವಾ ಹೈದರಾಬಾದ್. “ಎಲ್ಲೆಲ್ಲಿ ತೋರಿಸಿದ್ರಿ?” ಎಂದು ಇಲ್ಲಿನ ನೆಂಟರು ಕೇಳುವ ಪ್ರಶ್ನೆಯಲ್ಲಿ ಈ ಇಡೀ ದಾರಿ ಇದೆ. ಈ ದಾರಿ ಮೂಢನಂಬಿಕೆಯಿಂದ ವಿಜ್ಞಾನದ ಕಡೆಗೆ ಏರುವ ಮೆಟ್ಟಿಲು ಎಂದು ತಿಳಿದವರು ತಪ್ಪುತ್ತಾರೆ. ಕೈಯಲ್ಲಿರುವ ರೊಕ್ಕ, ಕೂಲಿ ಬಿಡಬೇಕಾದ ದಿನಗಳು, ಜೊತೆಗೆ ಬರುವವರು ಯಾರು, ಡಾಕ್ಟರು ಪರಿಚಯದವರೋ ಅಲ್ಲವೋ, ಕಾಯಿಲೆ ಎಷ್ಟು ದಿನದ್ದು ಎಲ್ಲವನ್ನೂ ತೂಗಿ ಮಾಡುವ ಲೆಕ್ಕ ಅದು. ದರ್ಗಾಕ್ಕೆ ಹೋದವರು ಅದೇ ಸಂಜೆ ಸಲೈನ್ ಹಚ್ಚಿಸಿಕೊಂಡು ಬರುತ್ತಾರೆ. ಎರಡರ ನಡುವೆ ಅವರಿಗೆ ಜಗಳ ಕಾಣುವುದಿಲ್ಲ.

ಇದನ್ನು ವೈದ್ಯಕೀಯ ಪಠ್ಯ ಅರಿಯದೆ ಇಲ್ಲ. 1946ರ ಭೋರ್ ಸಮಿತಿಯೇ ಪ್ರತಿ ವೈದ್ಯ ಕಾಲೇಜಿನಲ್ಲಿ ಪ್ರಿವೆಂಟಿವ್ ಮತ್ತು ಸೋಶಿಯಲ್ ಮೆಡಿಸಿನ್ ವಿಭಾಗ ಇರಬೇಕು, ಮೂರು ತಿಂಗಳ ತರಬೇತಿ ಇರಬೇಕು, ಸಮಾಜವನ್ನು ಬಲ್ಲ ವೈದ್ಯ ತಯಾರಾಗಬೇಕು ಎಂದಿತ್ತು. ಆ ಪಿ.ಎಸ್.ಎಂ. ಮುಂದೆ ಕಮ್ಯುನಿಟಿ ಮೆಡಿಸಿನ್ ಆಯಿತು. ವಿದ್ಯಾರ್ಥಿಗಳ ಬಾಯಲ್ಲಿ ಆ ವಿಷಯದ ಹೆಸರು ‘ಪಾರ್ಕ್’, ಜಬಲ್ಪುರದಿಂದ ಬರುವ ಆ ದಪ್ಪ ಪುಸ್ತಕದ ಕರ್ತೃವಿನ ಹೆಸರು. ಅದರಲ್ಲಿ ಸಮಾಜ ವಿಜ್ಞಾನದ ಅಧ್ಯಾಯ ಒಂದಿದೆ. ಕುಟುಂಬ, ಸಂಸ್ಕೃತಿ, ಆಚಾರ, ರೂಢಿ ಎಲ್ಲಕ್ಕೂ ವ್ಯಾಖ್ಯೆಗಳಿವೆ. ಪರೀಕ್ಷೆಗೆ ಸಾಕು. ಹಳ್ಳಿಗೆ ಸಾಲದು. 1977ರಲ್ಲಿ ಕೇಂದ್ರ ಸರಕಾರ ಕಾಲೇಜುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಗಂಟುಹಾಕುವ ‘ರೋಮ್’ ಯೋಜನೆ ತಂದಿತು, ವ್ಯಾನುಗಳನ್ನೂ ಕೊಟ್ಟಿತು. ವ್ಯಾನು ಊರಿಗೆ ಹೋಗುತ್ತದೆ, ಶಿಬಿರ ನಡೆಯುತ್ತದೆ, ಸಂಜೆ ವಾಪಸು ಬರುತ್ತದೆ. ಬೀಲ್ಸರಂತೆ ಊರಿನಲ್ಲಿ ಉಳಿಯುವುದು ಯಾವ ವೇಳಾಪಟ್ಟಿಯಲ್ಲೂ ಇಲ್ಲ.

ಆರೋಗ್ಯ ಮತ್ತು ಸಂಸ್ಕೃತಿಯ ಗಂಟು ಈ ಭಾಗದಲ್ಲಿ ಎಷ್ಟು ಬಿಗಿಯಾಗಿತ್ತು ಎಂದು ತೋರಿಸಲು ನಾನು ತರಗತಿಗೆ ಒಯ್ಯುವ ಉದಾಹರಣೆ ನಾರುಹುಣ್ಣು. ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲ, ಅದು ಒಳ್ಳೆಯದೇ. ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಿರಿಯರನ್ನು ಕೇಳಿ. ಮೆಟ್ಟಿಲ ಬಾವಿಗೆ ಇಳಿದು ನೀರು ತುಂಬಿಕೊಳ್ಳುವಾಗ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಬೀಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟ ಅವನ್ನು ನುಂಗುತ್ತದೆ. ಆ ನೀರು ಕುಡಿದವರ ಮೈಯೊಳಗೆ ಹುಳು ಬೆಳೆದು, ಸುಮಾರು ಒಂದು ವರ್ಷದ ಮೇಲೆ, ಹೆಚ್ಚಾಗಿ ಕಾಲಿನಿಂದ, ದಾರದಂತೆ ಹೊರಬರುತ್ತದೆ. ಉದ್ದ ಒಂದು ಮೀಟರಿನವರೆಗೂ ಇರಬಹುದು. ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ತುಂಡಾದರೆ ಕಾಲು ಬಾತು ಬಿಡುತ್ತದೆ. ವರ್ಷದ ಹಿಂದಿನ ನೀರಿಗೂ ಇವತ್ತಿನ ಹುಣ್ಣಿಗೂ ಸಂಬಂಧ ಕಾಣುವುದು ಯಾರಿಗೆ ತಾನೇ ಸುಲಭ? ಹುಣ್ಣು ಬರುವ ಹೊತ್ತಿಗೆ ಹೊಲದಲ್ಲಿ ಕೆಲಸವಿದ್ದರೆ ಮನೆಗೆ ಮನೆಯೇ ಕೂತುಬಿಡುತ್ತಿತ್ತು.

ಇದಕ್ಕೆ ಗುಳಿಗಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ಕರ್ನಾಟಕ ಪೀಡಿತ ರಾಜ್ಯಗಳಲ್ಲಿ ಒಂದು. ಮಾಡಬೇಕಿದ್ದದ್ದು ಮೂರು ಕೆಲಸ: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿದ್ದವರು ಬಾವಿಗೆ ಇಳಿಯಬೇಡಿ, ಮೆಟ್ಟಿಲ ಬಾವಿಯನ್ನು ಸೇದುವ ಬಾವಿ ಮಾಡಿ ಅಥವಾ ಬೋರಿನ ನೀರು ಕೊಡಿ. ಕೇಳಲು ಸರಳ. ಆದರೆ ಬಾವಿಗೆ ಇಳಿಯುವವರು ಯಾರು, ದಂಡೆಯ ಮೇಲೆ ನಿಂತು ಹಾಕಿಸಿಕೊಳ್ಳುವವರು ಯಾರು, ಯಾವ ಕೇರಿಯ ಕೊಡ ಯಾವ ಮೆಟ್ಟಿಲವರೆಗೆ ಬರಬಹುದು ಎಂಬುದು ಊರಿನ ಸಮಾಜಶಾಸ್ತ್ರ. ಮೆಟ್ಟಿಲು ಮುಚ್ಚಿ ರಾಟೆ ಹಾಕುವುದು ಎಂದರೆ ಸಿಮೆಂಟಿನ ಕೆಲಸದ ಜತೆಗೆ ಜಾತಿಯ ಕಟ್ಟಳೆಯ ಮೇಲೂ ಕೈ ಹಾಕಿದಂತೆ. ಹಳ್ಳಿ ಹಳ್ಳಿ ತಿರುಗಿದ ಆರೋಗ್ಯ ಸಹಾಯಕರು ಇದನ್ನೆಲ್ಲ ನಿಭಾಯಿಸಿದರು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ದೇಶದ ಕಡೆಯ ರೋಗಿ ಸಿಕ್ಕರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತವೆಂದು ಸಾರಿತು. ಔಷಧವಿಲ್ಲದೆ, ಜನರ ನಡವಳಿಕೆ ಬದಲಿಸಿಯೇ ಗೆದ್ದ ರೋಗ ಇದು. ನಮ್ಮ ಯಾವ ಎಂ.ಎ. ಪತ್ರಿಕೆಯಲ್ಲಿ ಇದು ಅಧ್ಯಾಯವಾಗಿದೆ ಎಂದು ಕೇಳಿದರೆ ಸಹೋದ್ಯೋಗಿಗಳು ನನ್ನ ಮುಖ ನೋಡುತ್ತಾರೆ.

ರಾಜ್ಯದ ಬೇರೆ ಕಡೆ ಈ ಗಂಟನ್ನು ಬಿಡಿಸಿದವರಿದ್ದಾರೆ. ಕರಾವಳಿಯ ಕೋಟದಲ್ಲಿ ಮಾನಸಿಕ ಕಾಯಿಲೆ ಮತ್ತು ಬದಲಾಗುವ ಕುಟುಂಬವನ್ನು ಒಟ್ಟಿಗೆ ನೋಡಿದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರ ಪುಸ್ತಕ 1976ರದು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ದಕ್ಷಿಣ ಕನ್ನಡದ ಸಂದರ್ಭದಲ್ಲಿ ಓದಿದ ಮಾರ್ಕ್ ನಿಕ್ಟರ್, ಕಾಡು ಕಡಿದ ಅಭಿವೃದ್ಧಿಯೇ ರೋಗದ ದಾರಿ ಎಂದು 1987ರಲ್ಲಿ ಬರೆದರು. ನಮ್ಮ ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಎಂಬತ್ತರ ದಶಕದಲ್ಲಿ ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗ 1996ರ ರಾಷ್ಟ್ರೀಯ ಯೋಜನೆಗೆ ಮಾದರಿಯಾಯಿತು. ಬಳ್ಳಾರಿಯವರು ಈ ಮಾತಿಗೆ ಬೀಗಬೇಕು. ಬೀಗಿದ್ದನ್ನು ನಾನು ಕಂಡಿಲ್ಲ.

ಕನ್ನಡ ವಿಭಾಗಗಳ ಪಾಲನ್ನು ಮರೆತರೆ ಅನ್ಯಾಯ. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಂದ ಮೇಲೆ ಬುಡಕಟ್ಟು ಅಧ್ಯಯನಕ್ಕೆ ಕನ್ನಡದಲ್ಲೇ ಒಂದು ಮನೆ ಸಿಕ್ಕಿತು. ಮಾನವಶಾಸ್ತ್ರ ಎಂದರೆ ಇಂಗ್ಲಿಷು ಎಂಬ ಭಯ ಹೋಯಿತು. ಕಲಬುರಗಿಯಲ್ಲೂ ಜಾನಪದ ಓದುವವರು ‘ಜನಪದ ವೈದ್ಯ’ವನ್ನು ಪ್ರಬಂಧದ ವಿಷಯವಾಗಿ ಆರಿಸಿಕೊಳ್ಳುತ್ತಾರೆ. ಒಂದು ದೂರು ಮಾತ್ರ ಇದೆ: ಈ ಪ್ರಬಂಧಗಳಲ್ಲಿ ಬೇರು, ತೊಪ್ಪಲು, ಕಷಾಯದ ಪಟ್ಟಿ ಉದ್ದವಾಗಿರುತ್ತದೆ. ಮದ್ದು ಕೊಟ್ಟ ನಾಟಿ ವೈದ್ಯನ ಹೆಸರು, ಊರು, ವಯಸ್ಸು ಇರುತ್ತವೆ. ಮದ್ದು ತಗೊಂಡವರು ಇರುವುದಿಲ್ಲ. ಅವರಿಗೆ ವಾಸಿಯಾಯಿತೇ, ಆಗದೆ ಎಲ್ಲಿಗೆ ಹೋದರು, ಎಷ್ಟು ಖರ್ಚಾಯಿತು? ಸೂಲಗಿತ್ತಿಯ ಹಾಡು ಸಂಗ್ರಹವಾಗುತ್ತದೆ, ಆಕೆಯ ಕೈ ಮೇಲೆ ಹೆತ್ತವರ ಮಾತು ಸಂಗ್ರಹವಾಗುವುದಿಲ್ಲ. ಅದು ವೈದ್ಯಕೀಯದವರ ಕೆಲಸ ಎಂದು ಜಾನಪದದವರು, ಜಾನಪದದವರ ಕೆಲಸ ಎಂದು ವೈದ್ಯಕೀಯದವರು ಬಿಟ್ಟಿದ್ದಾರೆ.

2009ರಲ್ಲಿ ಸಂಸತ್ತಿನ ಕಾಯ್ದೆಯಿಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಬಂತು; ಮೊದಲ ವರ್ಷಗಳಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲೇ ನಡೆದು ಆಮೇಲೆ ಕಡಗಂಚಿಗೆ ಹೋಯಿತು. ಒಂದೇ ಆವರಣದಲ್ಲಿದ್ದ ಆ ಕೆಲವು ವರ್ಷ ಎರಡೂ ಕೂಡಿ ಏನಾದರೂ ಮಾಡಬಹುದಿತ್ತು ಎಂದು ಈಗ ಹೇಳುವುದು ಸುಲಭ. ಮುಂದಿನ ವರ್ಷಗಳಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಕೂಡ ಶುರುವಾಯಿತು, ಇ.ಎಸ್.ಐ.ಸಿ. ಕಾಲೇಜೂ ಬಂತು. ಖಾಜಾ ಬಂದಾನವಾಜ್ ವೈದ್ಯಕೀಯ ಕಾಲೇಜು ಅದಾಗಲೇ ಇತ್ತು. ಒಂದು ಕಾಲಕ್ಕೆ ಒಂದೇ ವೈದ್ಯಕೀಯ ಕಾಲೇಜಿದ್ದ ಊರಿನಲ್ಲಿ ಈಗ ನಾಲ್ಕು.

2020ರ ಮಾರ್ಚ್ 10ರಂದು ಇದೆಲ್ಲದರ ಪರೀಕ್ಷೆ ಬಂತು. ಸೌದಿಯಿಂದ ಮರಳಿದ್ದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ಮೇಲೆ ಅದು ಕೋವಿಡ್ ಎಂದು ಖಚಿತವಾಯಿತು. ದೇಶದ ಮೊದಲ ಕೋವಿಡ್ ಸಾವು. ಅವರನ್ನು ಮೊದಲು ಇಲ್ಲಿನ ಖಾಸಗಿ ಆಸ್ಪತ್ರೆಗೆ, ಅಲ್ಲಿಂದ ಹೈದರಾಬಾದಿಗೆ ಒಯ್ದಿದ್ದರು. ವಾಪಸು ಬರುವ ದಾರಿಯಲ್ಲಿ ಸಾವು. ಟಿ.ವಿ.ಯವರು ಆ ಓಡಾಟವನ್ನು ನಿಯಮ ಮುರಿದ ಕಥೆಯಾಗಿ ಹೇಳಿದರು. ಬೀಲ್ಸರನ್ನು ಓದಿದವರಿಗೆ ಅದು ಹಳೆಯ, ಪರಿಚಿತ ದಾರಿ. ಕಲಬುರಗಿಯ ಕುಟುಂಬ ಹಿರಿಯರ ಉಸಿರು ಸಿಕ್ಕಿಕೊಂಡಾಗ ಮೂರು ತಲೆಮಾರಿನಿಂದ ಮಾಡಿದ್ದನ್ನೇ ಅವರೂ ಮಾಡಿದ್ದರು. ಆಮೇಲಿನ ತಿಂಗಳುಗಳಲ್ಲಿ ಯಾವ ಓಣಿಗೆ ಬ್ಯಾರಿಕೇಡ್ ಹಾಕಬೇಕು, ಮಣ್ಣಿಗೆ ಯಾರು ಹೋಗಬೇಕು, ಆಶಾ ಕಾರ್ಯಕರ್ತೆ ಯಾವ ಮನೆಯ ಬಾಗಿಲು ತಟ್ಟಿದರೆ ತೆರೆಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದದ್ದು ಆಶಾಗಳಿಗೆ. ಅವರಿಗೆ ಆ ವಿದ್ಯೆಯನ್ನು ನಮ್ಮ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ.

ಈಗ ರಾಷ್ಟ್ರೀಯ ವೈದ್ಯಕೀಯ ಆಯೋಗ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ಅವರ ಆರೋಗ್ಯ ನೋಡಬೇಕೆಂದು ಹೇಳಿದೆ. ಎಪ್ಪತ್ತು ವರ್ಷದ ಹಿಂದೆ ಶಾಮೀರ್‌ಪೇಟೆಯಲ್ಲಿ ಮಾಡಿದ್ದು ಸುತ್ತಿ ಬಳಸಿ, ಸಮಾಜಶಾಸ್ತ್ರದವರನ್ನು ಬಿಟ್ಟು, ಮತ್ತೆ ಬಂದಿದೆ. ನನ್ನ ಸಲಹೆ ದೊಡ್ಡದೇನಲ್ಲ. ಆ ವಿದ್ಯಾರ್ಥಿ ಶರಣಸಿರಸಗಿಗೋ ಕಮಲಾಪುರಕ್ಕೋ ಹೋಗುವಾಗ ಜ್ಞಾನಗಂಗಾದಿಂದ ಒಬ್ಬ ಎಂ.ಎಸ್.ಡಬ್ಲ್ಯೂ. ಹುಡುಗಿ, ಕಡಗಂಚಿಯಿಂದ ಒಬ್ಬ ಜಾನಪದದ ಹುಡುಗ ಅದೇ ಮನೆಗಳಿಗೆ ಹೋಗಲಿ. ಬಿ.ಪಿ., ತೂಕ, ಹಿಮೋಗ್ಲೋಬಿನ್ ಬರೆಯುವ ಹಾಳೆಯಲ್ಲಿ ಇನ್ನೊಂದು ಕಾಲಂ ಇರಲಿ: ಇಲ್ಲಿಗೆ ಬರುವ ಮುಂಚೆ ಎಲ್ಲೆಲ್ಲಿ ತೋರಿಸಿದ್ದಿರಿ, ಎಷ್ಟು ರೊಕ್ಕ ಹೋಯಿತು, ಯಾರು ಹೇಳಿದ್ದಕ್ಕೆ ಹೋದಿರಿ. ಮೂವರೂ ಸೇರಿ ಬರೆದ ಒಂದು ವರದಿಗೆ ಮೂರೂ ಕಡೆ ಅಂಕ ಸಿಗಲಿ. ಹಣ ಹೆಚ್ಚು ಬೇಡ, ಬಸ್ ಪಾಸ್ ಸಾಕು. ತೊಡಕಿರುವುದು, ಹೀಗೊಂದು ಪತ್ರಿಕೆಗೆ ಒಪ್ಪಿಗೆ ಕೊಡಬೇಕಾದ ಬೋರ್ಡ್ ಆಫ್ ಸ್ಟಡೀಸ್ ಬೆಂಗಳೂರಿನದೋ, ಕಡಗಂಚಿಯದೋ, ಜ್ಞಾನಗಂಗಾದ್ದೋ ಎಂಬಲ್ಲಿ.